ಗಾಜ್ ಬಟ್ಟೆ ಕಟ್ಟಿದ ಕೊಳವೆ

ಬೆಳಿಗ್ಗೆ ಹತ್ತೂವರೆಗೆ ಆಸ್ಪತ್ರೆಯ ಮ್ಯಾನೇಜರ್ ಠಾಣೆಗೆ ಬಂದು, ಆಂಬುಲೆನ್ಸಿನ ಸೆನ್ಸರ್ ಕಳುವಾಗಿದೆ ಎಂದು ದೂರು ಕೊಟ್ಟ. ವಿಮೆಗೆ ಎಫ್‌ಐಆರ್ ಪ್ರತಿ ಬೇಗ ಬೇಕಂತೆ. ಹಿಂದೆಯೇ ಬಂದು ನಿಂತಿದ್ದ ಹೆಂಗಸಿನ ಸುದ್ದಿ ಅವನು ಎತ್ತಲೇ ಇಲ್ಲ. ಇನ್ಸ್‌ಪೆಕ್ಟರೇ ಕೇಳಬೇಕಾಯಿತು.

“ನೀವು ಯಾರಮ್ಮ?”

“ನಿನ್ನೆ ಆ ಗಾಡಿಯಲ್ಲಿ ಸತ್ತನಲ್ಲ, ಅವನ ಅಕ್ಕ.”

ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದ ತಮ್ಮನನ್ನು ದೊಡ್ಡಾಸ್ಪತ್ರೆಗೆ ಸಾಗಿಸುವಾಗ, ಸೇತುವೆಯ ಏರಿನಲ್ಲಿ ಆಂಬುಲೆನ್ಸ್ ಕಪ್ಪು ಹೊಗೆ ಉಗುಳಿ ನಿಂತುಬಿಟ್ಟಿತ್ತು. ಬೇರೆ ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮ್ಯಾನೇಜರನ ದೂರಿನಲ್ಲಿ ಈ ಸಾವಿಗೆ ಒಂದು ಸಾಲೂ ಜಾಗವಿರಲಿಲ್ಲ. ಇನ್ಸ್‌ಪೆಕ್ಟರಿಗೆ ಮೈಯೆಲ್ಲ ಉರಿಯಿತು. ಅಕ್ಕನ ಹೇಳಿಕೆಯ ಮೇಲೆಯೇ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ಲನ್ನು ಕರೆದುಕೊಂಡು ಹೊರಟರು.

ಆಸ್ಪತ್ರೆಯ ಹಿಂಬದಿಯ ಶೆಡ್ಡಿನಲ್ಲಿ, ಇಬ್ಬರು ಪಂಚರ ಸಮಕ್ಷಮ ಬಾನೆಟ್ ಎತ್ತಿಸಲಾಯಿತು. ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯನ್ನು ಮೆಕ್ಯಾನಿಕ್ ತೋರಿಸಿದ. ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವ ಸೆನ್ಸರ್ ಅಲ್ಲಿರಬೇಕಿತ್ತು. ವೈರಿನ ಕ್ಲಿಪ್ಪಿಗೆ ಗೀರೂ ಬಿದ್ದಿರಲಿಲ್ಲ. ಬಿಚ್ಚಿದ ಎರಡೂ ಸ್ಕ್ರೂಗಳನ್ನು ಕಳೆದುಹೋಗದಂತೆ ಮತ್ತೆ ಅವುಗಳ ತೂತಿಗೇ ತಿರುಗಿಸಿಡಲಾಗಿತ್ತು. ಸೆನ್ಸರ್ ಇದ್ದ ಕಡೆ ಗಾಜ್ ಬಟ್ಟೆಯ ಮಡಿಕೆ ಇಟ್ಟು, ಗಾಯಕ್ಕೆ ಹಾಕುವ ಪಟ್ಟಿ ಸುತ್ತಿದ್ದರು.

“ಕಳ್ಳ ಬಹಳ ಮರ್ಯಾದಸ್ಥ,” ಎಂದ ಹೆಡ್ ಕಾನ್‌ಸ್ಟೆಬಲ್.

“ಧೂಳು ಒಳಗೆ ಹೋಗಬಾರದು ಅಂತ ಕಟ್ಟಿದ್ದಾರೆ ಸಾರ್,” ಎಂದ ಮೆಕ್ಯಾನಿಕ್.

ಕದ್ದು ಮಾರುವವನಿಗೆ ಇಂಜಿನ್ ಹಾಳಾದರೆ ಏನಂತೆ? ಈ ಗಾಡಿಯನ್ನು ಮತ್ತೆ ಓಡಿಸಬೇಕಾದವನೇ ಇದನ್ನು ಬಿಚ್ಚಿದ್ದಾನೆ ಎಂದು ಇನ್ಸ್‌ಪೆಕ್ಟರಿಗೆ ಖಾತ್ರಿಯಾಯಿತು. ಪಂಚನಾಮೆಗೆ ಸಹಿ ಹಾಕಿಸಿ, ಡ್ರೈವರ್ ಎಲ್ಲಿ ಎಂದು ವಿಚಾರಿಸಿದರು. ಹೆಂಗಸರ ವಾರ್ಡಿನಲ್ಲಿ ಇದ್ದಾನೆ ಅಂದರು.

ಮೂಲೆಯ ಹಾಸಿಗೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡ ಅವನ ಹೆಂಡತಿ ಒರಗಿದ್ದಳು. ಡ್ರೈವರ್ ಪೊಲೀಸರನ್ನು ಕಂಡವನೇ ಎದ್ದು ವರಾಂಡಕ್ಕೆ ಬಂದ.

“ಎಲ್ಲಿದೆ?”

ಅವನು ಜೇಬಿನಿಂದ ಒಂದು ಪೊಟ್ಟಣ ತೆಗೆದುಕೊಟ್ಟ. ಸೆನ್ಸರನ್ನೂ ಗಾಜ್ ಬಟ್ಟೆಯಲ್ಲೇ ಸುತ್ತಿದ್ದ.

“ಯಾಕೆ ಬಿಚ್ಚಿದೆ?”

“ನಿನ್ನೆ ಇವಳನ್ನ ಡಿಸ್ಚಾರ್ಜ್ ಮಾಡೋರಿದ್ರು. ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗು ಅಂದ್ರು. ಆಕ್ಸಿಜನ್ ಇರೋ ಗಾಡಿ ಇದೊಂದೇ. ಇದು ಕೆಟ್ಟು ನಿಂತ್ರೆ ನಾಲ್ಕು ದಿನ ಹಾಸಿಗೆ ಸಿಗುತ್ತೆ ಅಂದ್ಕೊಂಡೆ.”

“ಆ ಹುಡುಗನನ್ನ ತಂದಾಗ ವಾಪಸ್ ಹಾಕಬಹುದಿತ್ತಲ್ಲ?”

“ಜೇಬಲ್ಲೇ ಇತ್ತು ಸಾರ್. ಎರಡು ನಿಮಿಷದ ಕೆಲಸ. ಸುತ್ತ ಜನ ನಿಂತಿದ್ರು. ಸಿಕ್ಕಿಬೀಳ್ತೀನಿ ಅಂತ ಕೈಯೇ ಏಳಲಿಲ್ಲ. ಹಂಗೋ ಹಿಂಗೋ ಎಳೆಯುತ್ತೆ ಅಂತ ಹೊರಟುಬಿಟ್ಟೆ.”

ಇಷ್ಟು ಹೇಳಿ ಅವನು ಬಾಯಿಗೆ ಟವೆಲ್ ಒತ್ತಿಕೊಂಡ. ಇನ್ಸ್‌ಪೆಕ್ಟರಿಗೆ ಬೈಯುವುದಕ್ಕೂ ಮನಸ್ಸು ಬರಲಿಲ್ಲ. ಹನ್ನೆರಡೂವರೆಗೆ ದಸ್ತಗಿರಿ ಆಯಿತು. ಠಾಣೆಯಲ್ಲಿ ಅಂಗಶೋಧನೆ ಮಾಡಿ, ಜೇಬಿನಲ್ಲಿದ್ದದ್ದನ್ನೆಲ್ಲ ಲಕೋಟೆಗೆ ಹಾಕಿ ಅಂಟಿಸಿದರು.

ಮಧ್ಯಾಹ್ನ ಮ್ಯಾನೇಜರನ ಫೋನು ಬಂತು. ಸಿಲಿಂಡರ್ ಇರುವ ಬಾಡಿಗೆ ವ್ಯಾನು ಸಿಕ್ಕಿತಂತೆ, ಡ್ರೈವರನ ಹೆಂಡತಿಯನ್ನು ಕಳಿಸಿಬಿಟ್ಟನಂತೆ. ಆದರೆ ಮನೆಗೆ ಬೀಗ, ವ್ಯಾನು ಬೀದಿಯಲ್ಲೇ ನಿಂತಿದೆ. ಆ ಮನೆಯ ಕೀಲಿ ಠಾಣೆಯ ಲಕೋಟೆಯಲ್ಲಿತ್ತು.

ಇನ್ಸ್‌ಪೆಕ್ಟರ್ ತಾವೇ ಕೀಲಿ ತೆಗೆದುಕೊಂಡು ಹೋದರು. ಒಂದೇ ಕೋಣೆಯ ಮನೆ. ವ್ಯಾನಿನವನಿಗೆ ಬೇರೆ ಬಾಡಿಗೆಯ ಅವಸರ. ಇಬ್ಬರೂ ಸೇರಿ ಅವಳನ್ನು ಎತ್ತಿ ಮಂಚಕ್ಕೆ ಹಾಕಿದ್ದಾಯಿತು. ಸಿಲಿಂಡರ್ ವ್ಯಾನಿನ ಜೊತೆಯಲ್ಲೇ ಹೊರಟುಹೋಯಿತು. ಪಕ್ಕದ ಮನೆಯವಳು ಆಗಾಗ ಇಣುಕಿ ನೋಡುತ್ತೇನೆ ಎಂದಳು.

ಅವರು ಠಾಣೆಗೆ ಮರಳಿದಾಗ, ಫೋನಿನ ಮಾತು ಕೇಳಿಸಿಕೊಂಡಿದ್ದ ಡ್ರೈವರ್ ಲಾಕಪ್ಪಿನ ಸರಳು ಹಿಡಿದು ನಿಂತಿದ್ದ.

“ಮನೆ ಸೇರಿದ್ಲಾ ಸಾರ್?”

“ಸೇರಿದ್ಲು. ನಾನೇ ಮಲಗಿಸಿ ಬಂದೆ.”

“ಬೆನ್ನಿಗೆ ದಿಂಬು ಕೊಟ್ಟು ಒರಗಿಸಿದ್ರಿ ತಾನೇ? ಅಂಗಾತ ಮಲಗಿದ್ರೆ ಅವಳಿಗೆ ಉಸಿರು ಕಟ್ಟುತ್ತೆ. ತಾನಾಗಿ ಏಳೋಕೆ ಅವಳ ಕೈಲಾಗಲ್ಲ.”

ಇನ್ಸ್‌ಪೆಕ್ಟರ್ ಟೋಪಿಯನ್ನೂ ತೆಗೆದುಕೊಳ್ಳದೆ ಜೀಪಿನ ಕಡೆ ಓಡಿದರು.