ಕಂಬಳಿಯ ಮೇಲಿನ ಹಳದಿ

ತೀರಿಹೋದ ನನ್ನ ಸವತಿ ಸುಭದ್ರಾಳನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೂ ತಾಂಡೂರಿನ ಹತ್ತಿರ ಯಾಲಾಲಿನ ಆ ಮನೆಗೆ ಎರಡನೇ ಹೆಂಡತಿಯಾಗಿ ಬಂದಾಗಿನಿಂದ ಅವಳಿಲ್ಲದ ಜಾಗವೇ ನನಗೆ ಸಿಗಲಿಲ್ಲ. ಒಲೆಯ ಬದಿಯ ಮಣೆ ಸುಭದ್ರಾಳದು, ಗೂಟಕ್ಕೆ ತೂಗುವ ಹಸಿರು ಸೀರೆ ಸುಭದ್ರಾಳದು. ಗಂಡನೂ ಇನ್ನೂ ಅವಳವನೇ ಅಂತ ನನಗೆ ಸಿಟ್ಟು ಬರುತ್ತಿತ್ತು.

ಗಂಡನ ಹೆಸರು ಹೇಳಬಾರದಂತೆ. ನನಗೆ ವಯಸ್ಸಾಯಿತು, ಹೇಳುತ್ತೇನೆ: ಬಂಡೆಪ್ಪ. ಉಣ್ಣಲು ಮನೆಗೆ ಬರುತ್ತಿದ್ದ, ಮಲಗಲು ಕುರಿಹಟ್ಟಿಗೆ ಹೋಗುತ್ತಿದ್ದ. ಹೋಗುವಾಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡುತ್ತಿದ್ದ. ಆ ನೋಟ ಒಂದನ್ನೇ ನೆಚ್ಚಿಕೊಂಡು ನಾನು ಮಳೆಗಾಲ ಕಳೆದೆ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ, ಬೆಳೆಯ ಸುತ್ತ ಅಡುಗೆ ಚೆಲ್ಲಿ ಭೂಮಿತಾಯಿಗೆ ಚರಗ ಉಣಿಸಿದೆವು. ಜೋಳ ಆಳೆತ್ತರ ನಿಂತು ಹೂ ಬಿಟ್ಟಿತ್ತು. ನಡುವೆ ಸುಭದ್ರಾಳ ಸಮಾಧಿಯ ಕಲ್ಲು. ಅತ್ತೆ ಗುಂಡಮ್ಮ ನನಗೆ ಆ ಹಸಿರು ಸೀರೆ ಉಡಿಸಿ, ಮೊದಲ ಎಡೆ ಅವಳಿಗೆ ಇಡಿಸಿದಳು. ಮನೆಗೆ ಬರುವಷ್ಟರಲ್ಲಿ ಸೀನು, ಕಣ್ಣುರಿ. ದೀಪ ಹಚ್ಚುವ ಹೊತ್ತಿಗೆ ಎದೆಯಲ್ಲಿ ಸಿಳ್ಳೆ ಶುರುವಾಯಿತು.

"ಸುಭದ್ರಾ ಎದಿ ಮ್ಯಾಲ ಕುಂತಾಳ," ಎಂದಳು ಅತ್ತೆ. "ಆಕೀನೂ ಹಿಂಗ ಉಸಿರು ಸಿಗದ ಹೋದಾಕಿ. ಮೋನಮ್ಮಾ, ದಿನಾ ಮುಂಜಾನೆ ಹೋಗಿ, ಕಲ್ಲಿಗೆ ಹಾಲು ಎರದು, ತಪ್ಪಾತು ಅನ್ನು."

ಏನು ತಪ್ಪೋ ನನಗೆ ಗೊತ್ತಿರಲಿಲ್ಲ. ದಿನಾ ನಸುಕಿನಲ್ಲಿ ಅವಳ ಸೀರೆ ಉಟ್ಟು ಜೋಳದೊಳಗೆ ಹೋದೆ. ಹೋದಷ್ಟೂ ಉಬ್ಬಸ ಹೆಚ್ಚಿತು, ಹೆಚ್ಚಿದಷ್ಟೂ ಮತ್ತೆ ಕಳಿಸಿದರು. ಸಾಲುಗಳ ನಡುವೆ ಯಾರೋ ನನ್ನ ಹಿಂದೆಯೇ ಕಷ್ಟಪಟ್ಟು ಉಸಿರೆಳೆಯುವುದು ಕೇಳುತ್ತಿತ್ತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು.

"ಸಂಕ್ರಾಂತಿತನ ನೋಡತೀನಿ," ಅಂತ ಅತ್ತೆ ಮಗನಿಗೆ ಹೇಳಿದ್ದು ಒಂದು ದಿನ ಕಿವಿಗೆ ಬಿತ್ತು. "ಕಡಿಮಿ ಆಗಲಿಲ್ಲಂದ್ರ ಧಾರೂರಿಗೆ, ಆಕಿ ತವರಿಗೆ ಬಿಟ್ಟು ಬಾ. ಒಬ್ಬಾಕಿನ್ನ ಮಣ್ಣು ಮಾಡೀವಿ. ಇನ್ನೊಬ್ಬಾಕಿನ್ನ ಮಾಡೋದು ನನ್ನಿಂದ ಆಗಂಗಿಲ್ಲಪ್ಪ."

ನನ್ನವ ಬಾಗಿಲಲ್ಲಿ ತಿರುಗಿಯೂ ನೋಡದೆ ಹಟ್ಟಿಗೆ ಹೋದ. ಉಬ್ಬಸಕ್ಕಿಂತ ಅದೇ ನನ್ನನ್ನು ಹೆಚ್ಚು ನೋಯಿಸಿತು.

ಮರುದಿನ ಜೋಳದಿಂದ ಬಂದು ಕಟ್ಟೆಯ ಮೇಲೆ ನಡುಗುತ್ತ ಕೂತಿದ್ದೆ. ಅವನು ಬಂದ. ರಾತ್ರಿ ಹೊಲದ ಬದುವಿನ ಜಾಲಿಗೆ ತೂಗುಹಾಕಿ ಮರೆತಿದ್ದ ತನ್ನ ಕರಿ ಕಂಬಳಿಯನ್ನು ನನಗೆ ಹೊದಿಸಿದ. ಅವನ ಬೆರಳು ಕತ್ತಿಗೆ ತಾಗಿ, ತೆಗೆಯುವುದು ಸ್ವಲ್ಪ ತಡವಾಯಿತು. ನಾಚಿ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡೆ. ಆಮೇಲೆ ಸೀನಿದ್ದೇ ಸೀನಿದ್ದು.

ಅವನು ಕಂಬಳಿ ಕಿತ್ತುಕೊಂಡು ಬಿಸಿಲಿಗೆ ಹಿಡಿದ. ಕರಿ ಉಣ್ಣೆಯ ಮೇಲೆಲ್ಲ ಅರಿಶಿನ ಕೊಡವಿದ ಹಾಗೆ ಹಳದಿ.

"ಇದು ಜ್ವಾಳದ ಹೂವಿನ ಧೂಳು," ಅಂದ. "ನಮ್ಮ ಕುರಿನೂ ಈಗೀಗ ಸೀನಾಕ ಹತ್ಯಾವ."

"ನಾನೂ ನಿಮ್ಮ ಕುರಿ ಲೆಕ್ಕಕ್ಕ ಬಂದ್ನಲ್ರಿ. ಅಷ್ಟಾದ್ರೂ ಆತು," ಎಂದೆ.

ಅವನು ನಕ್ಕ. ಮುಂದಿನ ಹಲ್ಲೊಂದು ಸೊಟ್ಟಗಿತ್ತು. ಆ ಸೊಟ್ಟ ಹಲ್ಲಿಗೇ ನಾನು ಸೋತಿದ್ದು.

ಅಂದಿನಿಂದ ರಾತ್ರಿಯೆಲ್ಲ ಕಂಬಳಿ ಜಾಲಿಮರಕ್ಕೆ. ಮುಂಜಾನೆ ಅದನ್ನು ಬಿಸಿಲಿಗೆ ಹಿಡಿದು ನೋಡಿ, ಅಂಗಳದಿಂದ ಅವನ ಕೂಗು: "ಹಳದಿ ಭಾಳ ಅದ. ಇವತ್ತ ಹೊರಗ ಬರಬ್ಯಾಡ."

"ಯಾರ ಹುಕುಂ? ನಿಜಾಮ ಸರಕಾರದ್ದೇನ್ರಿ?"

"ಸರಕಾರದ್ದಲ್ಲ, ಕಂಬಳೀದು."

ಇನ್ನೊಂದು ದಿನ ಆಕಾಶ ನೋಡಿ, "ಕೆರಿ ಕಡಿಂದ ಗಾಳಿ ಬಿಟ್ಟದ. ನಾಳಿಗೆ ಹಳದಿ ಇರಂಗಿಲ್ಲ. ಬಾವಿತನ ಹೋಗಿ ಬರೂಣು," ಅನ್ನುತ್ತಿದ್ದ. ಅವನ ಮಾತು ಒಮ್ಮೊಮ್ಮೆ ತಪ್ಪುತ್ತಿತ್ತು. ತಪ್ಪಿದ ದಿನ ನೀರು ಕಾಯಿಸಿಕೊಟ್ಟು ಪಕ್ಕದಲ್ಲೇ ಕೂತಿರುತ್ತಿದ್ದ. ಹಾಗಾಗಿ ತಪ್ಪಲಿ ಅಂತಲೂ ನನಗೆ ಆಸೆ.

ನನ್ನ ಬದಲು ಅವನೇ ಕಲ್ಲಿಗೆ ಹಾಲೆರೆದು ಬರುತ್ತಿದ್ದ. ನನ್ನ ಎದೆ ಹಗುರಾಗುತ್ತ ಬಂತು. ಆದರೆ ಅವನ ನಗು ಮಾತ್ರ ಕಡಿಮೆಯಾಗುತ್ತ ಹೋಯಿತು. ಕಂಬಳಿ ನೋಡಿದಾಗಲೆಲ್ಲ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು.

ಸಂಕ್ರಾಂತಿಯ ಮುಂಜಾನೆ ಕಂಬಳಿ ತುಂಬ ಹಳದಿ. ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. "ಸುಭದ್ರಾ ತಣ್ಣಗಾಗ್ಯಾಳ. ಇವತ್ತ ಮೋನಮ್ಮನೇ ಹೋಗಿ ಎಡಿ ಇಡ್ಲಿ," ಅಂತ ಬುಟ್ಟಿ ನನ್ನ ತಲೆಯ ಮೇಲಿಟ್ಟಳು.

"ಈಕಿ ಹೋಗಂಗಿಲ್ಲವ್ವ."

"ಹೋಗಲಿಲ್ಲಂದ್ರ ಸುಭದ್ರಾ ಬಿಡ್ತಾಳೇನೋ?"

ಅವನು ಬಾಗಿಲಿಗೆ ಅಡ್ಡ ಕೂತುಬಿಟ್ಟ. "ಸುಭದ್ರಾ ಯಾರ ಎದಿ ಮ್ಯಾಲೂ ಕುಂತಿಲ್ಲವ್ವ. ಉಸಿರು ಸಿಗವಲ್ದು ಅಂದಾಗ, ದೆವ್ವ ಬಡದದ ಅಂತ ಆಕಿನ್ನ ಹೆಗಲ ಮ್ಯಾಲ ಹೊತ್ತು ಹೊಲದಾಗಿನ ದೇವರ ಕಲ್ಲಿಗೆ ಒಯ್ದಾವ ನಾನು. ದಿನಾ ಮುಂಜಾನೆ, ಇದೇ ಹೂವಿನಾಗ. ಬ್ಯಾಡ, ಮನಿಗೆ ನಡೀರಿ ಅಂತಿದ್ಲು. ನಾ ಅದು ದೆವ್ವ ಮಾತಾಡಾಕ ಹತ್ಯದ ಅಂದ್ಕೊಂಡೆ."

ಅವನ ನಗು ಯಾಕೆ ಕಡಿಮೆಯಾಗಿತ್ತೆಂದು ಆಗ ನನಗೆ ತಿಳಿಯಿತು. ದೆವ್ವ ನಿಜವಾದರೆ ನಾನು ಧಾರೂರಿಗೆ ಹೋಗಬೇಕು. ಹಳದಿ ನಿಜವಾದರೆ ಅವಳ ಸಾವಿಗೆ ಅವನೇ ಕಾರಣ. ನನ್ನನ್ನು ಉಳಿಸಿಕೊಳ್ಳಲು ಅವನು ಆ ಪಾಪ ಹೊತ್ತ. ಅತ್ತೆ ಬುಟ್ಟಿ ಇಳಿಸಿ, ಮಗನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅಂದು ಸಂಜೆ ಅವನು ಹಟ್ಟಿಗೆ ಹೋಗಲಿಲ್ಲ.

ಜೋಳ ಕೊಯ್ದ ಮೇಲೆ ಒಂದು ಮುಂಜಾನೆ ಇಬ್ಬರೂ ಹೊಲಕ್ಕೆ ಹೋದೆವು. ಯಾರೂ ಹೇಳದೆ ನಾನೇ ಆ ಹಸಿರು ಸೀರೆ ಉಟ್ಟಿದ್ದೆ. ಬೋಳು ಹೊಲದಲ್ಲಿ ಕಲ್ಲು ಒಂಟಿಯಾಗಿ ಕಾಣುತ್ತಿತ್ತು. ಅವನು ಕಂಬಳಿ ಕೊಡವಿ ಬಿಸಿಲಿಗೆ ಹಿಡಿದ. ಕಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನು ಕಲ್ಲಿನ ಪಕ್ಕ ಹಾಸಿ, ನನ್ನನ್ನು ಕೂಡಿಸಿದ. ಆಮೇಲೆ ಕಲ್ಲಿನ ಕಡೆ ಬಾಗಿ, ದಿನಾ ಅಂಗಳದಲ್ಲಿ ನನಗೆ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದ:

"ಇವತ್ತ ಹಳದಿ ಇಲ್ಲ, ಸುಭದ್ರಾ. ಹೊರಗ ಬಾ."

ನನ್ನ ಹಿಂದೆ ಯಾರೋ ಉಸಿರೆಳೆದುಕೊಂಡರು. ಈ ಸಲ ಅದು ತುಂಬ ಸಲೀಸಾಗಿ ಹೊರಗೂ ಬಂತು. ನಾನು ಕಂಬಳಿಯ ಮೇಲೆ ಸ್ವಲ್ಪ ಸರಿದು, ಅವಳಿಗೂ ಜಾಗ ಬಿಟ್ಟೆ.