ಐದನೆಯ ನಿಮಿಷದ ಬೆಲ್

ಗಂಡ ಲತೀಶನ ಹದಿಮೂರನೆಯ ದಿನದ ಕಾರ್ಯ ಮುಗಿಸಿ ನೆಂಟರೆಲ್ಲ ಹೊರಟರು. ಮರುದಿನ ಬೆಳಿಗ್ಗೆ ಆರೂ ಹತ್ತಕ್ಕೆ ಎಂದಿನಂತೆ ನಲ್ಲಿಯಲ್ಲಿ ನೀರು ಬಂತು. ಎದ್ದು ಡ್ರಮ್ ತುಂಬಿಸಿದೆ.

ಕಾಲಿಂಗ್ ಬೆಲ್ ಆಯಿತು. ಕೈಯಲ್ಲಿದ್ದ ತಂಬಿಗೆ ನೆಲಕ್ಕೆ ಬಿತ್ತು.

ಕಸದವನು. “ಕಚ್ರಾ!” ಎಂದು ಕೂಗಿ ಪಕ್ಕದ ಬಾಗಿಲಿಗೆ ಹೋಗಿಯೂ ಆಗಿತ್ತು.

ಅತ್ತೆ ಜಯಲತಾ ಬಗ್ಗಿ ತಂಬಿಗೆ ಎತ್ತಿಕೊಂಡರು. “ಹೀಗೆ ಹೆದ್ರಿದ್ರೆ ಹೇಗೆ ಮಾರಾಯ್ತಿ? ಇನ್ನು ಹೆದ್ರಲಿಕ್ಕೆ ನಮ್ಮಲ್ಲಿ ಎಂತ ಉಂಟು?”

ಬೇರೆ ಏನೂ ಇರಲಿಲ್ಲ. ಹೆದರಿಕೆ ಮಾತ್ರ ಇತ್ತು. ಕುಕ್ಕರಿನ ಸೀಟಿಗೆ, ಫೋನಿಗೆ, ಮೆಟ್ಟಿಲ ಮೇಲಿನ ಯಾರದೋ ಹೆಜ್ಜೆಗೆ.

ಅತ್ತೆ ಫ್ರಿಜ್ಜಿನ ಮೇಲೆ ಒರೆಸುತ್ತ ನಿಂತರು. ಅಲ್ಲೊಂದು ಬೆಲ್ ಇತ್ತು. ಹೋಟೆಲ್ ಕೌಂಟರಿನಲ್ಲಿ ಅಂಗೈಯಿಂದ ಒತ್ತಿ ವೇಟರನ್ನು ಕರೆಯುವಂಥದ್ದು.

“ಇದು ಹೋಟೆಲಿನ ಮಧ್ವರಾಜನದ್ದಲ್ವಾ?”

“ಹೌದತ್ತಿ. ಲತೀಶ್ ಕೇಳಿ ತಂದಿದ್ದ.”

“ಇವತ್ತೇ ಕೊಟ್ಟು ಬಾ. ಅವ ಪಾಪ ಚಮಚದಲ್ಲಿ ಲೋಟಕ್ಕೆ ಹೊಡಿತಾ ಕೂತಿದ್ದಾನಂತೆ. ಸಾವಾದ ಮನೆಗೆ ಬಂದು ಬೆಲ್ ಕೇಳುದು ಹೇಗೆ ಅಂತ ಅವನಿಗೆ.”

ನಾನು ಅದನ್ನು ಟವೆಲಿನಲ್ಲಿ ಸುತ್ತಿದೆ. ಸದ್ದಾಗಬಾರದು ಎಂದು.

*

ಮುಂಬೈ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ಮಧ್ವರಾಜಣ್ಣನ ಹೋಟೆಲು. ಅದರ ಮಹಡಿಯಲ್ಲಿ ತಿಂಗಳ ಮೊದಲ ಭಾನುವಾರ ಕನ್ನಡದವರ ಮಾತುಕೂಟ. ಯಾರು ಬೇಕಾದರೂ ಮಾತಾಡಬಹುದು, ಏಳು ನಿಮಿಷ. ಕೆಳಗಿನ ಕೌಂಟರ್ ಬೆಲ್ಲೇ ಮೇಲೆ ಬರುತ್ತಿತ್ತು. ನಾಲ್ಕು ವರ್ಷದ ಹಿಂದೆ ನಾನು ಕಲ್ಯಾಣದಿಂದ ಕಲೀನಾದ ವಿಶ್ವವಿದ್ಯಾಲಯಕ್ಕೆ ರಾಜ್ಯಶಾಸ್ತ್ರದ ಎಂ.ಎ.ಗೆ ಓಡಾಡುತ್ತಿದ್ದೆ. ಸಮಯ ನೋಡುವ ಕೆಲಸ ನನಗೆ ಬಂತು.

ಆ ದಿನ ತೋಳು ಮಡಚಿದ ನೀಲಿ ಶರ್ಟಿನ ಒಬ್ಬ ಎದ್ದು ನಿಂತ. “ಮೂರು ತಲೆಮಾರಿನಿಂದ ನಾವು ಈ ಊರಲ್ಲಿ ನೆಂಟರ ಹಾಗೆ ಕೂತಿದ್ದೇವೆ. ನೆಂಟರು ಕಾಫಿ ಚೆನ್ನಾಗಿಲ್ಲ ಅಂತ ಹೇಳುದಿಲ್ಲ. ನೀರು ಬರದಿದ್ರೂ ಕೇಳುದಿಲ್ಲ. ಆದ್ರೆ ನೆಂಟರಾಗಿ ಬಂದವರು ಒಂದು ದಿನ—”

ಬೆಲ್ ಒತ್ತಿದೆ.

ಅವನು ಬಾಯಿ ತೆರೆದೇ ನನ್ನನ್ನು ನೋಡಿದ. ನಾನು ಗಡಿಯಾರ ನೋಡಿದೆ. ತಲೆ ಎತ್ತಿದಾಗಲೂ ನೋಡುತ್ತಿದ್ದ.

ಸ್ಟೇಷನ್ನಿನಲ್ಲಿ ಹಿಂದಿನಿಂದ ಬಂದ. “ನನ್ನ ವಾಕ್ಯ ಅರ್ಧದಲ್ಲಿತ್ತು.”

“ನಿಮ್ಮ ಟೈಮ್ ಮುಗದಿತ್ರಿ.”

“ಒಂದು ಸೆಕೆಂಡ್ ಕಾಯ್ಬಹುದಿತ್ತು.”

“ಈಗ ಹೇಳ್ರಿ. ಟ್ರೇನ್ ಬರೂತನಕ ಟೈಮ್ ಅದ.”

ಅವನು ನಿಜಕ್ಕೂ ನೆಟ್ಟಗೆ ನಿಂತ, ಪ್ಲಾಟ್‌ಫಾರ್ಮೇ ಸಭೆ ಎನ್ನುವಂತೆ. “ನೆಂಟರಾಗಿ ಬಂದವರು ಒಂದು ದಿನ ಎದ್ದು ಪಾತ್ರೆ ತೊಳೀಬೇಕು. ಆಗಲೇ ಅದು ಅವರ ಮನೆ ಆಗುದು.”

“ಚಲೋ ಅದ. ನಿಮ್ಮ ಮನ್ಯಾಗ ಪಾತ್ರೆ ಯಾರು ತೊಳೀತಾರ?”

ಅವನ ಕಿವಿಯ ತುದಿ ಕೆಂಪಾಯಿತು. “ಅಮ್ಮ.”

ಮುಂದಿನ ತಿಂಗಳು ಭಾಷಣಕ್ಕೆ ಮೊದಲೇ ನನ್ನ ಮೇಜಿನ ಬಳಿ ಬಂದು ಎರಡೂ ಅಂಗೈ ಚಾಚಿದ. ಬೆರಳ ತುದಿಗಳು ಸೋಪಿಗೆ ಸುಕ್ಕಾಗಿದ್ದವು.

“ಒಂದು ತಿಂಗಳಿನಿಂದ ನಾನೇ. ಯಾರೋ ಹುಡುಗಿ ಇದ್ದಾಳೆ ಅಂತ ಅಮ್ಮನಿಗೆ ಡೌಟ್ ಬಂದಿದೆ.”

“ಏನ್ ಹೇಳಿದ್ರಿ?”

“ಬೆಲ್ ಹೊಡೆಯುವವಳು ಅಂದೆ.”

ಬೇರೆಯವರು ಸಿನಿಮಾಕ್ಕೆ ಹೋಗುತ್ತಿದ್ದರು, ನಾವು ಭಾಷಣಗಳಿಗೆ. ಠಾಣೆಯಲ್ಲಿ ಸಂವಿಧಾನ, ವಾಶಿಯಲ್ಲಿ ನಗರ ಯೋಜನೆ. ಅಂಬರನಾಥದ ಒಂದು ಸಭೆಯಲ್ಲಿ ಕೇಳುಗರು ಏಳೇ ಜನ. ವಂದನಾರ್ಪಣೆಯಲ್ಲಿ ನಮ್ಮಿಬ್ಬರ ಹೆಸರೂ ಬಂತು. ವಾಪಸು ಬರುವ ಲೋಕಲ್‌ನಲ್ಲಿ ಅವನು ಬಾಗಿಲ ಬಳಿ ನಿಂತು ಕೇಳಿದ್ದನ್ನೆಲ್ಲ ಇನ್ನೊಮ್ಮೆ ಹೇಳುತ್ತಿದ್ದ. ನನಗೆ ಮಾತು ಕೇಳಿಸುತ್ತಿರಲಿಲ್ಲ. ಗಾಳಿಗೆ ಹಾರುವ ಅವನ ಕೂದಲು ಕಾಣುತ್ತಿತ್ತು. ಒಂದು ದೊಡ್ಡ ಮಾತು ಕೇಳಿದ ದಿನ ಅವನು ಎರಡು ಇಂಚು ಎತ್ತರವಾಗುತ್ತಿದ್ದ.

ಮದುವೆಯಾದೆವು.

*

ಈ ಸಲ ಪಾಲಿಕೆ ಚುನಾವಣೆಗೆ ನಮ್ಮ ವಾರ್ಡಿನಿಂದ ಸುಮೇಧಾ ಟೀಚರ್ ಪಕ್ಷೇತರರಾಗಿ ನಿಂತರು. ನಿವೃತ್ತ ಶಿಕ್ಷಕಿ. ಲತೀಶ್ ಆಫೀಸು ಮುಗಿಸಿ ಅವರಿಗಾಗಿ ಮನೆಮನೆ ಹತ್ತಿಳಿದ. ವಸತಿ ಸೊಸೈಟಿಗಳಿಗೆ ಬರುವ ನೀರಿನ ಟ್ಯಾಂಕರುಗಳ ನಂಬರು ಬರೆದುಕೊಂಡ.

ಒಂದು ಸಂಜೆ ಅವನಿಲ್ಲದಾಗ ಬಿಳಿ ಶರ್ಟಿನ ಇಬ್ಬರು ಬಂದರು. ಚಪ್ಪಲಿ ಹೊರಗೆ ಬಿಟ್ಟರು. ನೀರು ಕೇಳಿ ಕುಡಿದರು. “ಭಾಭೀಜಿ, ಭಾಯಿಸಾಬ್ ಅಚ್ಛಾ ಬೋಲ್ತೇ ಹೈ. ಥೋಡಾ ಕಮ್ ಬೋಲ್ನೇ ಕೋ ಬೋಲಿಯೇ.” ನಕ್ಕು ಹೋದರು. ಲೋಟವನ್ನು ನಾನು ಮೂರು ಸಲ ತೊಳೆದೆ.

ಅವನಿಗೆ ಹೇಳಿದೆ. “ಸ್ವಲ್ಪ ಕಡಿಮಿ ಮಾತಾಡ್ಬೇಕಂತ. ನನಗ ಅಂಜಿಕಿ ಆಗ್ತದ.”

“ಚೆನ್ನಾಗಿ ಮಾತಾಡ್ತೇನೆ ಅಂದ್ರಲ್ಲ, ಅದನ್ನು ನೋಡು,” ಎಂದು ನಕ್ಕ. ನಾನು ನಗಲಿಲ್ಲ. ಅವನು ಸುಮ್ಮನೆ ನನ್ನ ಜಡೆಯ ತುದಿ ಹಿಡಿದು ಕೂತ.

ಟೀಚರ್ ಪರವಾಗಿ ನಡೆಯಲಿದ್ದ ಚೌಕದ ಸಭೆಯಲ್ಲಿ ಅವನಿಗೂ ಏಳು ನಿಮಿಷ ಸಿಕ್ಕಿತು. ಮನೆಯಲ್ಲಿ ಅಭ್ಯಾಸ ಮಾಡಲು ಬೆಲ್ ತಂದ.

“ಫೋನಿನಾಗ ಟೈಮರ್ ಅದಲ್ಲ?”

“ಫೋನಿಗೆ ನಾನು ನಿಲ್ಲುದಿಲ್ಲ. ನಿನ್ನ ಬೆಲ್ಲಿಗೆ ನಿಲ್ತೇನೆ.”

ನಾನು ಮಂಚದ ಮೇಲೆ, ಅವನು ಕಪಾಟಿನ ಕನ್ನಡಿಯ ಮುಂದೆ. ಟ್ಯಾಂಕರುಗಳ ಮಾತು ಕೊನೆಯ ಎರಡು ನಿಮಿಷದಲ್ಲಿತ್ತು. ಮೊದಲ ದಿನ ಅದನ್ನು ಕೇಳುವಾಗ ಬಿಳಿ ಶರ್ಟಿನವರು ಕುಡಿದಿಟ್ಟ ಲೋಟ ನೆನಪಾಯಿತು. ಮರುದಿನದಿಂದ ಐದನೆಯ ನಿಮಿಷಕ್ಕೇ ಬೆಲ್ ಒತ್ತಿದೆ.

“ಆಯ್ತಾ ಆಗ್ಲೇ?”

“ಆತು.”

“ಉದ್ದ ಆಯ್ತು ಹಾಗಾದ್ರೆ,” ಎಂದು ಕನ್ನಡಿಯಲ್ಲೇ ನನ್ನನ್ನು ನೋಡಿದ. ನಾನು ಕೈಗಡಿಯಾರವನ್ನು ಮಡಿಲಲ್ಲಿ ಮುಚ್ಚಿಕೊಂಡೆ. ನಾಲ್ಕು ದಿನ ಹಾಗೇ ಮಾಡಿದೆ.

ಗುರುವಾರ ಬೆಳಿಗ್ಗೆ ಅವನು ಠಾಣೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತನಂತೆ. ಮತ್ತೆ ಏಳಲಿಲ್ಲ. ಮೆದುಳಿನ ನರ ಒಡೆದಿತ್ತು ಎಂದರು ಡಾಕ್ಟರು. ಯಾರೂ ಏನೂ ಮಾಡಿರಲಿಲ್ಲ. ನಾನು ಹೆದರಿದ್ದ ಯಾವುದೂ ಆಗಿರಲಿಲ್ಲ.

ಸಭೆ ಅವನಿಲ್ಲದೆ ನಡೆಯಿತು. ತನ್ನ ಮಾತು ಉದ್ದವಾಯಿತು ಎಂದುಕೊಂಡೇ ಅವನು ಹೋದ. ಮೋಸ ಮಾಡಿದವಳು ನಾನು. ಅದನ್ನು ಅವನಿಗೆ ಹೇಳಲು ಇನ್ನು ದಾರಿಯಿಲ್ಲ.

*

ನಾಲ್ಕು ಗಂಟೆಗೆ ಹೋಟೆಲಿನ ಮೆಟ್ಟಿಲ ಮುಂದೆ ನಿಂತೆ. ಒಳಗೆ ಚಮಚದ ಸದ್ದು. ಠಣ್ ಠಣ್. ಮಧ್ವರಾಜಣ್ಣ ನನ್ನನ್ನು ಕಂಡು ಚಮಚ ಬಚ್ಚಿಟ್ಟರು.

“ಎಂತ ಅರ್ಜೆಂಟಿತ್ತು ಮಗ? ನಾನೇ ಬರ್ತಿದ್ದೆ.”

ಟವೆಲು ಬಿಚ್ಚಲು ಕೈ ಬರಲಿಲ್ಲ. ಮೂಲೆಯ ಟೇಬಲ್ಲಿನಲ್ಲಿ ಬಿಳಿ ಶರ್ಟಿನವನೊಬ್ಬ ನಮಗೆ ಬೆನ್ನು ಹಾಕಿ ಚಹಾ ಕುಡಿಯುತ್ತಿದ್ದ. ಅಂದು ಮನೆಗೆ ಬಂದವನೇ ಹೌದೋ ಅಲ್ಲವೋ.

“ಮಧ್ವರಾಜಣ್ಣ, ನಾ ಒಂದು ತಪ್ಪು ಮಾಡೇನಿ.” ಹೇಗೋ ಹೇಳಿದೆ. ಐದು ನಿಮಿಷ, ನಾಲ್ಕು ದಿನ.

ಅವರು ಬಿಲ್ಲಿನ ಪುಸ್ತಕ ಮುಚ್ಚಿದರು. “ಅವನಿಗೆ ಗೊತ್ತಿತ್ತು.”

“ಏನು?”

“ಬುಧವಾರ ಇಲ್ಲೇ ನಿಂತು ನಗಾಡಿದ. ‘ಅವಳು ಐದಕ್ಕೇ ಹೊಡಿತಾಳೆ ಮಧ್ವಣ್ಣ, ಕನ್ನಡಿಯಲ್ಲಿ ಗೋಡೆ ಗಡಿಯಾರ ಕಾಣ್ತದೆ’ ಅಂತ. ನಾನು ಕೇಳಿದೆ, ಮತ್ತೆ ಅವಳಿಗೆ ಹೇಳ್ಲಿಕ್ಕೆ ಆಗುದಿಲ್ವಾ ಮಾರಾಯ? ‘ಬೇಡ. ಅವಳ ಕೈ ನಡುಗ್ತದೆ. ಅವಳಿಗೆ ಧೈರ್ಯ ಬರುವವರೆಗೆ ನಾನು ಐದೇ ನಿಮಿಷ ಮಾತಾಡ್ತೇನೆ. ಬೆಲ್ ಇನ್ನೂ ನಾಲ್ಕು ದಿನ ಇರ್ಲಿ. ಒಂದು ದಿನ ಅವಳೇ ಏಳಕ್ಕೆ ಹೊಡಿತಾಳೆ’ ಅಂದ.”

ಹದಿಮೂರು ದಿನ ಬಾರದಿದ್ದ ಅಳು ಬಂತು. ಅವರು ಪೇಪರ್ ನ್ಯಾಪ್‌ಕಿನ್ನಿನ ಇಡೀ ಕಟ್ಟನ್ನೇ ಮುಂದಿಟ್ಟರು.

“ಅವ ಬರೆದಿಟ್ಟ ಹಾಳಿ ದಿನಾ ಓದೇನಿ. ಆ ಎರಡು ನಿಮಿಷ ನನಗ ಬಾಯಿಪಾಠ ಬರ್ತದ,” ಎಂದೆ.

ಅವರು ಮೂಲೆಯ ಟೇಬಲ್ ನೋಡಿದರು. “ಮೆಲ್ಲಗೆ ಹೇಳು.”

ಮೆಲ್ಲಗೇ ಶುರು ಮಾಡಿದೆ. ನಲ್ಲಿ ಒಣಗಿದ ದಿನವೇ ಟ್ಯಾಂಕರು ಗೇಟಿನಲ್ಲಿ ತಯಾರಿರುವುದು ಹೇಗೆ? ಅದನ್ನು ಕಳಿಸುವವರು ಯಾರು? ನಂಬರುಗಳಿಗೆ ಬಂದೆ. ಮೂಲೆಯ ಕುರ್ಚಿ ಕಿರುಗುಟ್ಟಿತು. ನಾನು ನಿಲ್ಲಿಸಲಿಲ್ಲ. ನಂಬರುಗಳನ್ನು ಒಂದೊಂದಾಗಿ, ಅವನು ಮೊದಲ ದಿನ ಹೇಳಿದ್ದ ಹಾಗೆಯೇ ಹೇಳಿದೆ. ದೋಸೆಕಲ್ಲಿನ ಸದ್ದು ನಿಂತಿತ್ತು. ಅಡುಗೆಯವನು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ.

ಕೊನೆಯ ವಾಕ್ಯ ಹೇಳಿದೆ. ಪೂರ್ತಿ.

ಟವೆಲಿನಿಂದ ಬೆಲ್ ತೆಗೆದೆ. ಕೌಂಟರಿನ ಮೇಲೆ, ಬಡೀಸೋಪಿನ ಬಟ್ಟಲಿನ ಪಕ್ಕ, ಅದು ವರ್ಷಗಟ್ಟಲೆ ಕೂತ ದುಂಡನೆಯ ಗುರುತು ಇನ್ನೂ ಇತ್ತು. ಅದರ ಮೇಲೆ ಸರಿಯಾಗಿ ಕೂರಿಸಿದೆ.

ಕೈ ನಡುಗುತ್ತಲೇ ಇತ್ತು. ಆ ಕೈಯಿಂದಲೇ ಒಮ್ಮೆ ಒತ್ತಿದೆ.