ಹನ್ನೆರಡು ಕೋಣೆಯ ಗುಹೆ

“ಮೋಸ! ಮೋಸ! ಸೀದಾ ಅಲ್ಲಿಗೇ ಹೋಗೋ ಹಾಗಿಲ್ಲ!” ಚುಕ್ಕಿ ಮೇಜಿಗೆ ಗುದ್ದಿದಳು. ದಾಳ ಹಾರಿ ನೆಲಕ್ಕೆ ಬಿತ್ತು.

“ಯಾಕೆ ಹೋಗಬಾರದು? ನನಗೇನು ಕಣ್ಣಿಲ್ವಾ?” ಲಾಯರ್ ನಕ್ಷೆಯ ಮೇಲೆ ಬೆರಳಿಟ್ಟ. “ಇಗೋ, ಹನ್ನೆರಡನೇ ರೂಮು. ಚಿನ್ನದ ಪೆಟ್ಟಿಗೆ. ಬೀಗ ಕೂಡ ನೀನೇ ಬರೆದಿದ್ದೀಯಲ್ಲ!”

ಎಲ್ಲದಕ್ಕೂ ವಾದ ಹೂಡುವ ಈ ಹುಡುಗನಿಗೆ ಕ್ಲಾಸಿನವರೆಲ್ಲ ಲಾಯರ್ ಎಂದೇ ಹೆಸರಿಟ್ಟಿದ್ದರು.

ಅದು ಕತೆಯಾಟ. ಚುಕ್ಕಿ ಕತೆ ಹೇಳಬೇಕು. ಲಾಯರ್ ಮತ್ತು ಪಕ್ಕದ ಮನೆಯ ಪುಟ್ಟ ಹುಡುಗಿ ಗುಬ್ಬಿ ಕತೆಯೊಳಗಿನ ವೀರರು. ತಾವೇನು ಮಾಡುತ್ತೇವೆ ಎಂದು ಅವರು ಹೇಳಬೇಕು. ಗೆದ್ದರೋ ಸೋತರೋ, ದಾಳ ಹೇಳುತ್ತದೆ. ಪ್ರತಿ ಶನಿವಾರ ಚುಕ್ಕಿಯ ಅಮ್ಮನ ಟೈಲರ್ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ಈ ಆಟ.

ಈ ಸಲ ಚುಕ್ಕಿ ನಾಲ್ಕು ದಿನ ಕೂತು ಇಡೀ ಗುಹೆಯನ್ನೇ ಬರೆದು ತಂದಿದ್ದಳು. ಹನ್ನೆರಡು ಕೋಣೆ, ಮೂರು ಹೊಂಡ, ಮೂಲೆಯಲ್ಲಿ ಅವಿತ ರಾಕ್ಷಸ.

“ನಿನ್ನ ವೀರನಿಗೆ ಅದೆಲ್ಲ ಗೊತ್ತಿಲ್ಲ ಕಣೋ!”

“ನನಗೆ ಗೊತ್ತಲ್ಲ! ರಾಕ್ಷಸ ಎಲ್ಲಿದ್ದಾನೆ ಗೊತ್ತು, ಹೊಂಡ ಎಲ್ಲಿದೆ ಗೊತ್ತು. ಇನ್ನು ಯಾವುದಕ್ಕೆ ಹೆದರಲಿ, ನಿನ್ನ ಮುಖಕ್ಕಾ?”

“ಹೊಟ್ಟೆಕಿಚ್ಚು ನಿನಗೆ! ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ!”

ಲಾಯರ್‌ನ ಮುಖ ಕೆಂಪೇರಿತು. “ಇಟ್ಕೋ ನಿನ್ನ ಡ್ರಾಯಿಂಗು. ಗೋಡೆಗೆ ಅಂಟಿಸಿ ನೋಡ್ತಾ ಕೂತ್ಕೋ.” ಚಪ್ಪಲಿ ಮೆಟ್ಟಿ ಹೊರಟೇ ಹೋದ.

ಇನ್ನು ಗುಬ್ಬಿಯೂ ಎದ್ದರೆ ಶನಿವಾರದ ಆಟ ಅಲ್ಲಿಗೆ ಮುಗಿದಂತೆ.

“ಅಕ್ಕಾ,” ಗುಬ್ಬಿ ಮೆಲ್ಲಗೆ ಕೇಳಿದಳು, “ನಾನೂ ಪೆಟ್ಟಿಗೆ ಹತ್ರಾನೇ ಹೋಗ್ಲಾ?”

ಚುಕ್ಕಿಗೆ ಅಳು ಬಂತು.

ಅಮ್ಮ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. “ಅಲ್ಲ ಕಣೆ, ಟ್ರಯಲ್‌ಗೆ ಬಂದವರಿಗೆ ಅಂಗಿ ತೋರಿಸ್ತೀವಿ. ಒಳಗಿನ ದಾರ, ಗಂಟು ಎಲ್ಲ ತಿರುಗಿಸಿ ತೋರಿಸ್ತೀವಾ?”

“ನೀನೂ ಅವನ ಕಡೇನೇ ಸೇರ್ಕೋ!” ಎಂದಳು ಚುಕ್ಕಿ. ಆದರೂ ನಕ್ಷೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ಆಮೇಲೆ ಮೇಜಿನ ಕೆಳಗೆ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ಬಾಚಿಕೊಂಡು ಒಂದೊಂದು ಕೋಣೆಯ ಮೇಲೂ ಒಂದೊಂದನ್ನು ಹೊದಿಸಿದಳು.

“ಈಗ ನೀನು ಗುಹೆಯ ಬಾಯಲ್ಲಿ ಇದ್ದೀಯ. ಎಡಗಡೆ ಕತ್ತಲೆ. ಬಲಗಡೆ ಏನೋ ಉಸಿರಾಡೋ ಸದ್ದು.”

ಯಾವ ಚೂರಿನ ಕೆಳಗೆ ಏನಿತ್ತೋ, ಗುಬ್ಬಿಗೆ ಆಗಲೇ ಮರೆತುಹೋಗಿತ್ತು. ಕೈ ಚಾಚಿದಳು. ಹಿಂದಕ್ಕೆಳೆದುಕೊಂಡಳು.

“ಅಕ್ಕಾ, ನೀನೇ ತೆಗಿ. ಬೇಡ ಬೇಡ, ತಾಳು!”

ಮೆಷಿನ್ ನಿಂತಿತು. “ತೆಗಿಯೇ ತಾಯಿ,” ಎಂದಳು ಅಮ್ಮ, “ಏನಿದೆ ನೋಡೇಬಿಡೋಣ.”

ಗುಬ್ಬಿ ಮನೆಗೆ ಹೋಗುವ ಹೊತ್ತಿಗೆ ಇನ್ನೂ ಏಳು ಕೋಣೆಗಳು ಮುಚ್ಚಿಯೇ ಇದ್ದವು. ಚುಕ್ಕಿ ಮತ್ತೆ ಮತ್ತೆ ಬೀದಿಯತ್ತ ನೋಡಿದಳು. ಲಾಯರ್ ಬರಲಿಲ್ಲ.

ಅವನಿಗೆ ಹನ್ನೆರಡು ಕೋಣೆಯೂ ಬಾಯಿಪಾಠ. ಈಗ ಬಟ್ಟೆಯಲ್ಲ, ಕಂಬಳಿ ಹೊದಿಸಿದರೂ ಅವನಿಗೆ ಅದು ಹಳೇ ಗುಹೆಯೇ.

ಚುಕ್ಕಿ ಹಾಳೆಯನ್ನು ಮಗುಚಿ ಹಾಕಿದಳು. ಖಾಲಿ ಬೆನ್ನಿನ ನಡುವೆ ಒಂದೇ ಒಂದು ಬಾಗಿಲು ಬರೆದಳು. ಮುಚ್ಚಿದ ಬಾಗಿಲು. ಸೋಮವಾರ ಸ್ಕೂಲಿನಲ್ಲಿ ಲಾಯರ್‌ಗೆ ಇಷ್ಟನ್ನೇ ತೋರಿಸಬೇಕು.

ಅದರ ಹಿಂದೆ ಏನಿದೆಯೋ, ಅವಳಿಗೂ ಇನ್ನೂ ಗೊತ್ತಿರಲಿಲ್ಲ.